ವಿಮಲಾ ಕೊಟ್ಟ ಸಾಗುವಾನಿ ಕಟಕಟೆ

ಕಟಕಟೆಯಲ್ಲಿ ನಿಂತು ಹಸಿ ಹಸಿ ಸುಳ್ಳು ಹೇಳಿ, ಅದಕ್ಕೆ ಕಾನೂನು ಓದುವ ಮಕ್ಕಳಿಂದ ಚಪ್ಪಾಳೆ ಹೊಡೆಸಿಕೊಂಡು, ಮೇಲಿಂದ ಚಹಾ ಕುಡಿದು, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿಂದು ಮನೆಗೆ ಬಂದ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿಲ್ಲದಿದ್ದರೆ ನಷ್ಟ ನಿಮ್ಮದೇ. ಆ ಹೆಂಗಸು ನಾನು.

ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಕಳಕ್ಕೂಟಂನ ಐಟಿ ಕಂಪನಿಯಲ್ಲಿರುವ ಮೊಮ್ಮಗಳು ಕಲಿಸಿಕೊಟ್ಟಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷಿಗೆ ಹೋಗುತ್ತಾಳೆ. ನನಗೆ ಅದೇನೂ ಹೊಸದಲ್ಲ. ನನ್ನ ಉದ್ಯೋಗವೇ ಅದು. ಕೊಚ್ಚಿಯ ಕೋರ್ಟುಗಳಲ್ಲಿ ನಾನು ಕನ್ನಡ ದುಭಾಷಿಯಾಗಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗೀಗ ಫೋನ್ ಮಾಡಿ, ‘ಆಂಟಿ, ಏನಾದರೂ ಟಿಪ್ಸ್ ಕೊಡಿ’ ಎನ್ನುತ್ತಾರೆ. ಅವರಿಗಾಗಿ ಬರೆಯಲು ಕುಳಿತೆ. ಬರೆಯುತ್ತಾ ಹೋದಂತೆ ಇದು ವಿಮಲಾಳ ಮೇಲಿನ ದೂರಾಗಿಬಿಟ್ಟರೆ ತಪ್ಪು ನನ್ನದಲ್ಲ, ವಿಮಲಾಳದ್ದು.

ಮೊದಲು ಕೆಲಸದ ಮಾತು. ಕಾಸರಗೋಡು, ಮಂಗಳೂರು ಕಡೆಯ ಸಾಕ್ಷಿ ಕಟಕಟೆ ಹತ್ತಿದಾಗ ದುಭಾಷಿ ಪಕ್ಕದಲ್ಲಿ, ನೆಲದ ಮೇಲೆ ನಿಲ್ಲಬೇಕು. ವಕೀಲರು ಮಲಯಾಳದಲ್ಲಿ ಕೇಳಿದ್ದನ್ನು ಅವನಿಗೆ ಕನ್ನಡದಲ್ಲಿ ಹೇಳಬೇಕು. ಅವನು ಹೇಳಿದ್ದನ್ನು ಮಲಯಾಳದಲ್ಲಿ ಒಪ್ಪಿಸಬೇಕು. ಅದನ್ನು ಜಡ್ಜರು ಇಂಗ್ಲಿಷಿನಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದರು. ಕಾಸರಗೋಡಿನ ಉಪ್ಪಳದವನ ಬಾಯಲ್ಲಿ ಲುಂಗಿ ಎತ್ತಿ ಕಟ್ಟಿಕೊಂಡು ಹೊರಟ ಮಾತು ಕಾಗದಕ್ಕೆ ಇಳಿಯುವಾಗ ಕೋಟು ಬೂಟು ಹಾಕಿಕೊಂಡಿರುತ್ತಿತ್ತು. ಕೆಲಸಕ್ಕೆ ನಿಲ್ಲುವ ಮೊದಲು ನಾವೂ ಸಾಕ್ಷಿಯಂತೆಯೇ ಪ್ರಮಾಣ ಮಾಡಬೇಕು: ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುತ್ತೇನೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ ಎಂದು.

ಇದರಲ್ಲಿ ಎಲ್ಲರೂ ಮುಗ್ಗರಿಸುವ ಒಂದು ಜಾಗವಿದೆ. ಸಾಕ್ಷಿ ‘ನಾನು’ ಎಂದರೆ ದುಭಾಷಿಯೂ ‘ನಾನು’ ಎನ್ನಬೇಕು. ‘ಅವನು ಹೀಗೆ ಹೇಳುತ್ತಾನೆ’ ಎನ್ನಬಾರದು. ನನ್ನ ಮೊದಲ ಕೇಸು ಮೀನು ಲಾರಿಯ ಕ್ಲೀನರ್ ಒಬ್ಬನ ಹೊಡೆದಾಟದ್ದು. ಅವನು ಎದೆ ಸೆಟೆಸಿ, ‘ನಾನೇ ಹೊಡ್ದದ್ದು. ಇನ್ನೂ ಎರಡು ಬಿಡ್ಬೇಕಿತ್ತು’ ಎಂದ. ಮರ್ಯಾದಸ್ಥ ಮನೆಯ ಹೆಣ್ಣುಮಗಳು ಹಾಗೆಲ್ಲ ಹೇಳುವುದು ಹೇಗೆ? ‘ಅವನು ಹೊಡೆದನಂತೆ ಸಾರ್’ ಎಂದೆ. ಜಡ್ಜರು ಕನ್ನಡಕ ತೆಗೆದರು.

‘ಯಾರು ಈ ಅವನು? ಈ ಕೇಸಿನಲ್ಲಿ ಇನ್ನೊಬ್ಬ ಇದ್ದಾನೆಯೇ?’

ಹೆದರಿಕೆಗೆ ನನ್ನ ಗಂಟಲು ದೊಡ್ಡದಾಯಿತು. ‘ನಾನೇ ಹೊಡೆದದ್ದು! ಇನ್ನೂ ಎರಡು ಬಿಡಬೇಕಿತ್ತು!’ ಎಂದು ಮಲಯಾಳದಲ್ಲಿ ಕೂಗಿಬಿಟ್ಟೆ. ಅದೇ ಹೊತ್ತಿಗೆ ಬೇರೆ ಯಾವುದೋ ಕೆಲಸಕ್ಕೆ ಒಳಗೆ ಬಂದ ಪೊಲೀಸಿನವನು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸಂಜೆ ಬಸ್ ಸ್ಟಾಪಿನಲ್ಲಿ ಅವನೇ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟುಕೊಟ್ಟ.

ಆ ಜಡ್ಜರು ಕಟ್ಟುನಿಟ್ಟು, ಆದರೆ ನನಗೆ ಕೆಲಸ ಕಲಿಸಿದವರು ಅವರೇ. ಒಮ್ಮೆ ಒಬ್ಬ ವಿಧವೆ ಸಾಕ್ಷಿ ಹೇಳುತ್ತಾ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಜಡ್ಜರು ನನ್ನ ಕಡೆಗೆ ಬಗ್ಗಿ ಮೆಲ್ಲನೆ, ‘ಮಾತನ್ನು ಮಾತ್ರ ತರ್ಜುಮೆ ಮಾಡಿ. ಕಣ್ಣೀರು ನನಗೆ ಕಾಣುತ್ತದೆ’ ಎಂದರು. ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ಇನ್ನೊಂದು: ಕೋರ್ಟಿನ ವರಾಂಡದಲ್ಲಿ ಸಾಕ್ಷಿಯ ಕಡೆಯವರು ‘ನಮ್ಮ ಊರಿನವರು’ ಎಂದು ಚಹಾ ಕೊಡಿಸಲು ಬರುತ್ತಾರೆ. ಕುಡಿಯಬೇಡಿ. ಆ ಚಹಾ ಮಧ್ಯಾಹ್ನದ ಹೊತ್ತಿಗೆ ನಿಮ್ಮ ನಾಲಿಗೆಯ ಮೇಲೆ ಕುಳಿತು ಮಾತಾಡಲು ಶುರುಮಾಡುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಟೈಪ್‌ರೈಟರಿನ ಕಾಲ. ಅದರ ಟಕಟಕ ನಿಲ್ಲುವ ತನಕ ಮುಂದಿನ ಮಾತು ಹೇಳುವಂತಿಲ್ಲ. ಸಾಕ್ಷಿಗೂ ಯೋಚಿಸಲು ಸಮಯ, ನನಗೂ ಸರಿಯಾದ ಶಬ್ದ ಹುಡುಕಲು ಸಮಯ. ಎರಡು ಸಾವಿರದ ಇಸವಿಯ ಆಚೆ ಈಚೆ ಕಂಪ್ಯೂಟರ್ ಬಂತು. ಸದ್ದು ಹೋಯಿತು, ಸಮಯವೂ ಹೋಯಿತು. ನನ್ನ ಬಾಯಿಂದ ಮಾತು ಬೀಳುವ ಮೊದಲೇ ಟೈಪಿಸ್ಟ್ ಹುಡುಗಿ ನನ್ನ ಮುಖ ನೋಡುತ್ತಿದ್ದಳು. ಮೊದಲೆಲ್ಲ ಒಂದು ಶಬ್ದ ಸಿಗದಿದ್ದರೆ ಟೈಪ್‌ರೈಟರಿನ ರಿಬ್ಬನ್ ಸಿಕ್ಕಿಹಾಕಿಕೊಳ್ಳಲಿ ಎಂದು ಹಾರೈಸಬಹುದಿತ್ತು. ಕಂಪ್ಯೂಟರಿಗೆ ಏನೆಂದು ಹಾರೈಸುವುದು?

ಸರಿ, ಈಗ ವಿಮಲಾ. ಇಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು.

ನಾವಿಬ್ಬರೂ ಕಾಸರಗೋಡಿನವರು. ತಿರುವನಂತಪುರದಲ್ಲಿ ಒಟ್ಟಿಗೆ ಕಾನೂನು ಓದಿದವರು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅವಳು ಉದ್ದ, ನಾನು ಗಿಡ್ಡ. ಅವಳಿಗೆ ಮೊಣಕಾಲಿನ ತನಕ ಕೂದಲು. ನನ್ನದನ್ನು ಜಡೆ ಹಾಕಿದರೆ ಇಲಿಯ ಬಾಲ. ವಾರ್ಡನ್ ಅವಳನ್ನು ವಿಮಲಾ ಎಂದು ಕರೆಯುತ್ತಿದ್ದರು, ನನ್ನನ್ನು ‘ವಿಮಲಾಳ ರೂಮಿನವಳು’ ಎಂದು. ಪದವಿ ಸಿಕ್ಕಿದ ಮೇಲೆ ಅವಳು ಕೊಚ್ಚಿಯಲ್ಲಿ ವಕೀಲೆಯಾದಳು. ನಾನೂ ಕೋಟು ಹೊಲಿಸಿದ್ದೆ. ಆದರೆ ಮನೆಯಲ್ಲಿ ತಿಂಗಳ ಸಂಬಳ ಬೇಕಾಗಿತ್ತು, ದುಭಾಷಿಯ ಕೆಲಸ ಸಿಕ್ಕಿತು, ಸೇರಿದೆ. ದೇವರು ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಅವಳ ಕೇಸುಗಳಿಗೇ ನನ್ನನ್ನು ಹಾಕತೊಡಗಿದ.

ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದಲ್ಲಿ ಕಂಟೈನರ್ ಟರ್ಮಿನಲ್ ಏಳುತ್ತಿದ್ದ ಕಾಲ. ಲಾರಿಯವರು, ಗುತ್ತಿಗೆದಾರರು, ಹಡಗಿನ ಏಜೆಂಟರು ಎಲ್ಲರಿಗೂ ಜಗಳ, ಎಲ್ಲ ಜಗಳಕ್ಕೂ ವಿಮಲಾ. ಒಮ್ಮೆ ಒಂದು ಅಪಘಾತದ ಕೇಸಿನಲ್ಲಿ ಮಂಗಳೂರಿನ ಲಾರಿ ಡ್ರೈವರ್ ಸಾಕ್ಷಿ. ವಿಮಲಾ ಎದ್ದು ಜರಿಸೀರೆಯಂಥ ಮಲಯಾಳದಲ್ಲಿ ಒಂದು ಮಾರುದ್ದದ ಪ್ರಶ್ನೆ ಹಾಸಿದಳು. ನಾನು ಅದನ್ನು ಮಡಚಿ, ಆ ಮನುಷ್ಯನ ತಲೆಗೆ ಹೋಗುವಷ್ಟು ಚಿಕ್ಕದು ಮಾಡಿ, ‘ನೀವು ನಿದ್ದೆ ತೂಗ್ತಿದ್ರಾ?’ ಎಂದು ಕೇಳಿದೆ. ಅವನು ನೆಲ ನೋಡಿ, ‘ಹೌದು’ ಎಂದ. ಕೇಸು ಅಲ್ಲಿಗೇ ಮುಗಿಯಿತು. ಮರುದಿನ ಬಾರ್ ಅಸೋಸಿಯೇಷನ್ನಿನಲ್ಲೆಲ್ಲ ಒಂದೇ ಮಾತು, ‘ವಿಮಲಾ ಮೇಡಂನ ಒಂದೇ ಪ್ರಶ್ನೆಗೆ ಡ್ರೈವರ್ ಬಿದ್ದ.’ ಯಾರ ಪ್ರಶ್ನೆಗೆ ಸ್ವಾಮೀ? ಅವನಿಗೆ ಅವಳು ಕೇಳಿದ್ದರಲ್ಲಿ ಒಂದು ಶಬ್ದವೂ ತಲೆಗೆ ಹೋಗಿರಲಿಲ್ಲ. ಹೊರಗೆ ಸಿಕ್ಕಿದಾಗ ಅವಳು ನನ್ನ ಭುಜ ಮುಟ್ಟಿ, ‘ಥ್ಯಾಂಕ್ಸ್ ಸುಮತಿ, ನೀನಿದ್ದರೆ ನನಗೆ ಧೈರ್ಯ’ ಎಂದಳು. ಅವಳು ಹೀಗೆ ಒಳ್ಳೆಯವಳಾಗಿರುವುದೇ ನನಗೆ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಬೈದು ಹಗುರವಾಗಬಹುದಿತ್ತು.

ನಾವು ಓದಿದ ತಿರುವನಂತಪುರದ ಕಾನೂನು ಕಾಲೇಜಿನವರು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಒಂದು ಭಾನುವಾರ ಕರೆದರು. ಕರೆದದ್ದು ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಊಟದ ನಂತರ ಒಬ್ಬೊಬ್ಬರೇ ಎದ್ದು ಏನು ಕೊಡುತ್ತೇವೆಂದು ಹೇಳಬೇಕು. ಒಬ್ಬರು ಫ್ಯಾನು ಎಂದರು, ಒಬ್ಬರು ನೀರು ತಂಪು ಮಾಡುವ ಯಂತ್ರ ಎಂದರು, ವಿಮಲಾ ಒಂದು ಕಪಾಟು ತುಂಬ ಕಾನೂನು ಪುಸ್ತಕ ಎಂದಳು. ನನ್ನ ಸರದಿ ಬರುವ ಮೊದಲು ನಾನು ಕೈ ತೊಳೆಯುವ ನೆಪದಲ್ಲಿ ಎದ್ದೆ.

ವರಾಂಡದ ಕೊನೆಯ ಕೋಣೆಯಲ್ಲಿ ಕೆಲವು ಮಕ್ಕಳು ಕೋರ್ಟಿನ ಆಟ ಆಡುತ್ತಿದ್ದರು. ಅಣಕು ವಿಚಾರಣೆ, ಅವರ ಪಾಠದ್ದೇ ಒಂದು ಭಾಗ. ಎರಡು ಬೆಂಚು ಅಡ್ಡ ಇಟ್ಟು ಕಟಕಟೆ ಮಾಡಿದ್ದರು. ಅದರೊಳಗೆ ಒಂದು ಖಾಲಿ ಕುರ್ಚಿ. ಒಬ್ಬ ಹುಡುಗ ಆ ಕುರ್ಚಿಗೆ ಬೆರಳು ತೋರಿಸಿ, ‘ನೀವು ಸುಳ್ಳು ಹೇಳುತ್ತಿದ್ದೀರಿ!’ ಎಂದು ಗರ್ಜಿಸುತ್ತಿದ್ದ. ಕುರ್ಚಿ ಸುಮ್ಮನಿತ್ತು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಕುಳಿತೆ.

‘ಸುಳ್ಳು ನಿನ್ನಪ್ಪ ಹೇಳ್ತಾನೆ. ನನ್ನ ಕೋಳಿ ಎಲ್ಲಿ, ಅದು ಮೊದಲು ಹೇಳು!’ ಎಂದೆ.

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಉಳಿದವರು ಬಿದ್ದು ಬಿದ್ದು ನಕ್ಕರು. ಪ್ರಿನ್ಸಿಪಾಲ್ ನಾಯರ್ ಸಾರ್ ನಗುವಿನ ಸದ್ದಿಗೆ ಓಡಿ ಬಂದರು. ಹಾಗೆ ನಾನು ಕೊಡುವುದು ಏನೆಂದು ತೀರ್ಮಾನವಾಯಿತು: ಎರಡನೇ ಶನಿವಾರಗಳು. ಸರಕಾರಿ ನೌಕರಿಯವಳಿಗೆ ಆ ದಿನ ರಜೆ. ಬೆಳಗಿನ ರೈಲಿಗೆ ಕೊಚ್ಚಿಯಿಂದ ಹೊರಟು, ಸಾಕ್ಷಿಯಾಗಿ, ಸಂಜೆಯ ರೈಲಿಗೆ ಹಿಂದೆ ಬರುವುದು.

ಇನ್ನು ದಾನದ ಲೆಕ್ಕಕ್ಕೆ ಬರುವಂಥದ್ದು ಎಂದರೆ ಒಂದು ತಗಡಿನ ಪೆಟ್ಟಿಗೆ. ತಿರುವನಂತಪುರದ ಚಾಲೈ ಬಜಾರಿನಲ್ಲಿ ಚೌಕಾಸಿ ಮಾಡಿ ತಂದು ಕಾಲೇಜಿಗೇ ಕೊಟ್ಟೆ. ಅದರಲ್ಲಿ ಮುರಿದ ಕೊಡೆ, ಎಲೆ ಅಡಿಕೆಯ ಸಂಚಿ, ದಪ್ಪ ಗಾಜಿನ ಕನ್ನಡಕ, ಒಂದು ಮಾಸಿದ ಮುಂಡು ಪಂಚೆ. ಇಷ್ಟಿದ್ದರೆ ನನಗೆ ಊರೇ ಸಿಕ್ಕಿದ ಹಾಗೆ. ಕಿವಿ ಕೇಳದ ಅಜ್ಜಿ, ಕುಡುಕ, ಪ್ರಶ್ನೆಗೆ ಮೊದಲೇ ಉತ್ತರ ಕೊಡುವ ಅಂಗಡಿಯವ, ಎಲ್ಲದಕ್ಕೂ ‘ದೇವರಿಗೇ ಗೊತ್ತು’ ಎನ್ನುವ ಭಕ್ತೆ. ಎಲ್ಲರೂ ನನ್ನ ಪಕ್ಕ ಕಟಕಟೆಯಲ್ಲಿ ನಿಂತು ಹೋದವರೇ. ಜೀವಮಾನವಿಡೀ ಅವರ ಮಾತನ್ನು ಕೂಡಿಸದೆ ಕಳೆಯದೆ ಹೇಳಿ ಬೇಸತ್ತಿದ್ದೆ. ಇಲ್ಲಿ ಬೇಕಾದಷ್ಟು ಕೂಡಿಸಬಹುದಿತ್ತು. ಮಕ್ಕಳು ನನ್ನನ್ನು ‘ಸಾಕ್ಷಿ ಆಂಟಿ’ ಎಂದು ಕರೆಯತೊಡಗಿದರು. ಯಾರ ರೂಮಿನವಳೂ ಅಲ್ಲ, ಸಾಕ್ಷಿ ಆಂಟಿ.

ನನ್ನ ಪ್ರೀತಿಯ ಶಿಷ್ಯೆ ಶಹನಾ. ಮಂಜೇಶ್ವರದ ಹುಡುಗಿ, ಕನ್ನಡ ಶಾಲೆಯಲ್ಲಿ ಓದಿದವಳು. ಮೊದಲ ಸಲ ನನ್ನನ್ನು ಕ್ರಾಸ್, ಅಂದರೆ ಪಾಟೀಸವಾಲು, ಮಾಡಲು ಬಂದಾಗ ನಾನು ಕಿವುಡಿಯಾಗಿದ್ದೆ. ಮೂರು ಸಲ ಕೇಳಿದಳು, ನಾಲ್ಕನೆಯ ಸಲ ಅತ್ತಳು. ಚಹಾ ಕುಡಿಯುವಾಗ ನಾನು ಮಗಳಿಗೆ ಹೇಳುವಂತೆ ಹೇಳಿದೆ, ‘ಮೋಳೇ, ಸಾಕ್ಷಿ ಕಿವುಡಿಯಾದರೆ ನೀನು ಕೂಗ್ಬಾರ್ದು. ಸಣ್ಣ ಸ್ವರದಲ್ಲಿ ಅವಳಿಗೆ ಬೇಕಾದ್ದು ಎಂತಾದ್ರೂ ಹೇಳು. ಕೇಳಿಸ್ತದೆ.’ ಮುಂದಿನ ತಿಂಗಳು ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, ‘ಆಂಟಿ, ನಿಮ್ಮ ಸೆರಗಿನಲ್ಲಿ ಜಿರಳೆ.’ ನಾನು ಹಾರಿ ಬಿದ್ದೆ. ಕೇಸು ಗೆದ್ದಳು. ಹೊಟ್ಟೆ ತುಂಬಿದ ಹಾಗಾಯಿತು ನನಗೆ.

ಅಷ್ಟರಲ್ಲಿ ನನಗೆ ನಿವೃತ್ತಿಯಾಯಿತು. ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಆಮೇಲೆ ವಾರದ ದಿನಗಳಿಗೆಲ್ಲ ಒಂದೇ ಮುಖ. ಎರಡನೇ ಶನಿವಾರ ಒಂದೇ ಬೇರೆ.

ಆಗ ವಿಮಲಾ ಕಾಲೇಜಿಗೆ ಒಂದು ಹಾಲ್ ಕೊಟ್ಟಳು.

ಫ್ಯಾನಲ್ಲ, ಕಪಾಟಲ್ಲ. ಹಾಲ್! ಅಣಕು ವಿಚಾರಣೆಗೆಂದೇ ಎಸಿ ಹಾಕಿದ ಹಾಲ್. ಎತ್ತರದ ಪೀಠ, ಮೆತ್ತನೆಯ ಕುರ್ಚಿಗಳು, ಮೈಕು. ನಾಯರ್ ಸಾರ್ ನನ್ನನ್ನು ಕೈ ಹಿಡಿದು ಒಳಗೆ ಕರೆದೊಯ್ದರು. ‘ಚೇಚಿ, ಇದು ನೋಡಿ’ ಎಂದು ಅಕ್ಕನಿಗೆ ತೋರಿಸುವಂತೆ ತೋರಿಸಿದರು. ಮಧ್ಯದಲ್ಲಿ ಸಾಗುವಾನಿಯ ಕಟಕಟೆ. ಕೆತ್ತನೆಯ ಕಂಬಗಳು, ಕೈಯಿಟ್ಟರೆ ಜಾರುವ ಪಾಲಿಶ್, ಹತ್ತಲು ಎರಡು ಮೆಟ್ಟಿಲು. ನಾನು ಕೆಲಸ ಮಾಡಿದ ಯಾವ ಕೋರ್ಟಿನಲ್ಲೂ ಅಂಥದ್ದು ನೋಡಿರಲಿಲ್ಲ. ನಾನು ಮೂಗಿನಿಂದ ಕೊಂಕು ಹುಡುಕಿದೆ. ‘ಪಾಲಿಶ್ ವಾಸನೆ ಬಹಳ ಸಾರ್. ಸಾಕ್ಷಿಗೆ ತಲೆನೋವು ಬಂದೀತು.’

‘ಸಾಕ್ಷಿಗೆ ವಾಸನೆ ತೊಂದರೆ ಇಲ್ಲವಂತೆ. ನಿನ್ನೆ ಬಂದು ನಿಂತು ನೋಡಿದರು.’

‘ಯಾವ ಸಾಕ್ಷಿ?’

ನಾಯರ್ ಸಾರ್ ಕೈ ಕೈ ಉಜ್ಜಿದರು. ಆ ಮನುಷ್ಯ ಕೆಟ್ಟ ಸುದ್ದಿ ಹೇಳುವಾಗ ಯಾವಾಗಲೂ ಕೈ ಉಜ್ಜುತ್ತಿದ್ದರು. ಹಾಲ್ ಉದ್ಘಾಟನೆಯ ದಿನ ದೊಡ್ಡ ಅಣಕು ವಿಚಾರಣೆ. ಕನ್ನಡ ಮಾತ್ರ ಬಲ್ಲ ಅಜ್ಜಿಯೊಬ್ಬಳ ಸಾಕ್ಷಿ, ದುಭಾಷಿಯ ಮೂಲಕ ಕ್ರಾಸ್ ಮಾಡುವುದು ಹೇಗೆಂದು ಮಕ್ಕಳಿಗೆ ತೋರಿಸುವುದು. ಆ ಪಾಠ ನಾನೇ ಹುಟ್ಟಿಸಿದ್ದು, ಆ ಅಜ್ಜಿ ನನ್ನದೇ. ಅದನ್ನು ವಿಡಿಯೋ ಮಾಡಿ ಸಿ.ಡಿ. ಹಾಕಿಸುತ್ತಾರಂತೆ. ಇನ್ನು ಮುಂದೆ ಪ್ರತಿ ಬ್ಯಾಚಿಗೂ ಅದನ್ನು ತೋರಿಸಿದರೆ ಸಾಕು. ‘ಚೇಚಿ ಈ ಪ್ರಾಯದಲ್ಲಿ ತಿಂಗಳು ತಿಂಗಳು ರೈಲು ಹತ್ತುವ ಕಷ್ಟ ಇಲ್ಲವಲ್ಲ’ ಎಂದರು. ಮತ್ತು ಆ ಅಜ್ಜಿಯ ಪಾತ್ರ ವಿಮಲಾ ಮೇಡಂಗೆ. ಅವರಾಗಿಯೇ ಬಾಯಿ ಬಿಟ್ಟು ಕೇಳಿದ್ದಂತೆ. ಹಾಲ್ ಕೊಟ್ಟವರು ಇಷ್ಟು ಕೇಳಿದರೆ ಇಲ್ಲ ಎನ್ನುವುದು ಹೇಗೆ?

‘ಹಾಗಾದರೆ ನಾನು?’

‘ಚೇಚಿ ಇಲ್ಲದೆ ನಡೆಯುತ್ತದಾ? ನೀವು ಇಂಟರ್‌ಪ್ರೆಟರ್. ಒರಿಜಿನಲ್ ಇಂಟರ್‌ಪ್ರೆಟರ್!’

ಅಂದರೆ ಅವಳು ಮೆಟ್ಟಿಲು ಹತ್ತಿ ಸಾಗುವಾನಿಯಲ್ಲಿ, ನಾನು ಕೆಳಗೆ ನೆಲದ ಮೇಲೆ. ಮತ್ತು ಆ ಸಿ.ಡಿ. ಇರುವ ತನಕ ಸಾಕ್ಷಿ ಆಂಟಿ ಎಂದರೆ ವಿಮಲಾ.

ಅಂದೇ ರಾತ್ರಿ ಅವಳ ಫೋನ್ ಬಂತು.

‘ಸುಮತಿ, ಜಡ್ಜಿನ ಕುರ್ಚಿಯೇ ಕೊಡ್ತೇವೆ ಅಂದ್ರು. ನಾನು ಬೇಡ ಅಂದೆ ಮಾರಾಯ್ತಿ. ಇಷ್ಟು ವರ್ಷ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಒಮ್ಮೆ ಉತ್ತರ ಕೊಟ್ಟು ನೋಡುವ ಅಂತ.’

‘ಉತ್ತರ ಕೊಡ್ಲಿಕ್ಕೆ ನಿನಗೆ ಬೇರೆ ಜಾಗ ಸಿಗ್ಲಿಲ್ವಾ?’

‘ಎಂತ ಹೇಳಿದ್ದು? ಲೈನ್ ಸರಿ ಇಲ್ಲ.’

‘ಒಳ್ಳೆದಾಯ್ತು ಅಂದೆ.’

‘ನೀನು ನನಗೆ ಸ್ವಲ್ಪ ಹೇಳಿಕೊಡ್ಬೇಕು. ಅಜ್ಜಿ ಹೇಗೆ ನಿಲ್ಲುವುದು, ಎಂತ ಮಾಡುವುದು.’

‘ಹೇಳಿಕೊಡ್ಲಿಕ್ಕೆ ಎಂತ ಉಂಟು? ನಿನಗೂ ನನ್ನಷ್ಟೇ ಪ್ರಾಯ. ಸುಮ್ಮನೆ ನಿಂತರೆ ಅಜ್ಜಿಯೇ.’

ಅವಳು ಗಹಗಹಿಸಿ ನಕ್ಕಳು. ಹೇಳಿದೆನಲ್ಲ, ಇದೇ ತೊಂದರೆ.

ಉದ್ಘಾಟನೆಯ ದಿನ ಹಾಲ್ ತುಂಬಿತ್ತು. ಪೀಠದ ಮೇಲೆ ನಿವೃತ್ತ ಜಡ್ಜರೊಬ್ಬರು, ಕನ್ನಡದ ಗಂಧವಿಲ್ಲದವರು. ವಿಡಿಯೋಕ್ಕೆ ಚಾಲೈ ಕಡೆಯ ಮದುವೆ ಕ್ಯಾಮೆರಾದವನು. ಅವನು ಬಂದವರೆಲ್ಲರ ಕೊರಳಿನ ಸರವನ್ನೇ ಮೊದಲು ಹಿಡಿಯುತ್ತಿದ್ದ. ಪ್ರತಿವಾದಿಯ ಪರ ವಕೀಲೆ ಶಹನಾ. ಅವಳ ಮೊದಲ ದೊಡ್ಡ ಕ್ರಾಸ್, ಮುಖ ಬಿಳಿಚಿಕೊಂಡಿತ್ತು. ಕೇಸು ಸರಳ: ಯಾರೋ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಒಡೆದಿದ್ದಾರೆ. ಅಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಒಡೆದವನನ್ನು ಕಂಡಳೋ ಇಲ್ಲವೋ ಎಂಬುದೇ ಪ್ರಶ್ನೆ. ಕಾಣಲಿಲ್ಲ ಎಂದು ಅಜ್ಜಿಯ ಬಾಯಿಂದ ಬಂದರೆ ಶಹನಾ ಗೆದ್ದಳು.

ವಿಮಲಾ ರೇಷ್ಮೆ ಸೀರೆ ಉಟ್ಟು ಬರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ಬಡ ಅಜ್ಜಿ ರೇಷ್ಮೆಯಲ್ಲಿ ಬಂದರೆ ಮಕ್ಕಳೇ ನಗುತ್ತಿದ್ದರು. ಅವಳು ಬಣ್ಣ ಹೋದ ಹತ್ತಿ ಸೀರೆಯಲ್ಲಿ ಬಂದಳು. ಬಳೆ ಇಲ್ಲ, ಸರ ಇಲ್ಲ, ಕೂದಲು ತುರುಬು ಕಟ್ಟಿ ಅದಕ್ಕೊಂದು ಒಣಗಿದ ಅಬ್ಬಲಿಗೆ ಹೂ ಸಿಕ್ಕಿಸಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಒಂದು ಕೈ ಸೊಂಟದ ಮೇಲೆ. ಮಕ್ಕಳೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಒಣ ಅಬ್ಬಲಿಗೆ ನನಗೆ ಯಾಕೆ ಹೊಳೆಯಲಿಲ್ಲ?

ಅವಳು ಪ್ರಮಾಣ ಮಾಡಿದಳು. ನಾನೂ ಮಾಡಿದೆ: ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಬಾಯಿಪಾಠ ಬರುತ್ತದಲ್ಲ, ಹೇಳಿಬಿಟ್ಟೆ.

ಶಹನಾ ಮಲಯಾಳದಲ್ಲಿ ಕೇಳಿದಳು, ‘ಗೋಡೆ ಬಿದ್ದ ಹೊತ್ತಿಗೆ ನೀವು ಎಲ್ಲಿದ್ದಿರಿ?’ ನಾನು ಕನ್ನಡಕ್ಕೆ ತಂದೆ. ವಿಮಲಾ ಹಿಟ್ಟಿನ ಕೈ ಎಂಬಂತೆ ಸೆರಗಿಗೆ ಕೈ ಒರೆಸಿದಳು. ಆ ಒರೆಸುವುದು ಕೂಡ ಎಷ್ಟು ಚೆನ್ನಾಗಿತ್ತು ಗೊತ್ತಾ? ಆಮೇಲೆ ಹೇಳಿದಳು, ‘ಹಪ್ಪಳ ಹಾಕ್ತಿದ್ದೆ.’

ಅಷ್ಟೇ. ಎರಡೇ ಶಬ್ದ. ಅಷ್ಟಕ್ಕೆ ಮುಂದಿನ ಸಾಲಿನವರು ಆಹಾ ಎಂದು ತಲೆದೂಗಿದರು, ಅರ್ಥವಾಗದಿದ್ದರೂ! ನನ್ನ ಬಾಯಿ ತೆರೆಯಿತು. ‘ನಾನು ಅಂಗಳದಲ್ಲಿ ಹಪ್ಪಳ ಹಾಕುತ್ತಿದ್ದೆ’ ಎಂದೆ ಮಲಯಾಳದಲ್ಲಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ‘ಹಲಸಿನ ಹಪ್ಪಳ. ಕಾಗೆ ಕಾಟ ಅಂತ ಮುರಿದ ಕೊಡೆ ಬಿಡಿಸಿ ಇಟ್ಟಿದ್ದೆ. ನನ್ನ ಸೊಸೆಗೆ ಅಷ್ಟೂ ತಿಳಿಯುವುದಿಲ್ಲ, ಹಪ್ಪಳ ಹಾಕಿ ಟಿ.ವಿ. ನೋಡಲು ಹೋಗುತ್ತಾಳೆ.’

ಹಾಲ್ ನಕ್ಕಿತು. ಜಡ್ಜರೂ ನಕ್ಕರು. ಮದುವೆ ಕ್ಯಾಮೆರಾ ವಿಮಲಾಳನ್ನು ಬಿಟ್ಟು ನನ್ನ ಕಡೆಗೆ ತಿರುಗಿತು. ನಾನು ಸೆರಗು ಸರಿಮಾಡಿಕೊಂಡೆ.

ವಿಮಲಾ ನನ್ನನ್ನು ನೋಡಿದಳು. ನೋಡಿ ಏನು ಮಾಡುತ್ತಾಳೆ? ಅವಳ ಅಜ್ಜಿಗೆ ಮಲಯಾಳ ಬರುವಂತಿಲ್ಲ. ನಾನು ಏನು ಹೇಳಿದೆನೆಂದು ಆ ಅಜ್ಜಿಗೆ ತಿಳಿಯುವಂತಿಲ್ಲ. ಇಡೀ ಕೊಚ್ಚಿಯನ್ನು ನಡುಗಿಸಿದ ವಕೀಲೆ ಕಟಕಟೆಯಲ್ಲಿ ಬಾಯಿ ಕಟ್ಟಿಸಿಕೊಂಡು ನಿಂತಿದ್ದಳು. ನನಗೆ ಆಗ ಆದ ಸುಖ ನಿವೃತ್ತಿಯ ಹಾರದಲ್ಲಿ ಆಗಿರಲಿಲ್ಲ.

ಶಹನಾಗೆ ಎರಡೂ ಭಾಷೆ ಬರುತ್ತದೆ. ಹುಬ್ಬು ಮೇಲೇರಿತ್ತು, ಆದರೂ ತಡೆದುಕೊಂಡು ಮುಂದಿನ ಪ್ರಶ್ನೆ ಕೇಳಿದಳು, ‘ಸದ್ದು ಕೇಳಿ ನೀವು ಏನು ಮಾಡಿದಿರಿ?’

ವಿಮಲಾ ಹೇಳಿದಳು, ‘ತಲೆ ಎತ್ತಿದೆ. ಧೂಳು ಇತ್ತು. ಯಾರೂ ಕಾಣ್ಲಿಲ್ಲ.’

ಚೆನ್ನಾಗಿ ಹೇಳಿದಳು, ಕಣ್ಣು ಕಿರಿದು ಮಾಡಿ, ಧೂಳು ಈಗಲೂ ಎದುರಿಗೇ ಇದೆ ಎಂಬಂತೆ. ಅದನ್ನು ಹಾಗೆಯೇ ಬಿಡಲು ನನ್ನಿಂದಾಗಲಿಲ್ಲ. ‘ನಾನು ತಲೆ ಎತ್ತಿದೆ. ಮೊಣಕಾಲು ಕಟಕ್ ಎಂದಿತು. ಧೂಳು ಅಂದರೆ ಧೂಳು, ನನ್ನ ಹಪ್ಪಳಕ್ಕೆಲ್ಲ ಬಿತ್ತು, ಯಾರ ಹತ್ತಿರ ಹೇಳುವುದು? ಆ ಧೂಳಿನೊಳಗೆ ಒಂದು ಕೆಂಪು ಲುಂಗಿ ಓಡಿ ಹೋದ ಹಾಗಾಯಿತು.’

ಕೆಂಪು ಲುಂಗಿ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ನಾಲಿಗೆಗೆ ರುಚಿ ಹತ್ತಿತ್ತು, ಅಷ್ಟೇ. ಪ್ರತಿವಾದಿಯ ಪಾತ್ರದ ಹುಡುಗ ಆವತ್ತು ಕೆಂಪು ಲುಂಗಿಯನ್ನೇ ಉಟ್ಟು ಕುಳಿತಿದ್ದಾನೆಂದು ನಾನು ನೋಡಿರಲಿಲ್ಲ. ಇಡೀ ಹಾಲ್ ಅವನ ಕಡೆ ತಿರುಗಿತು. ಶಹನಾ ಚೀರಿದಳು.

‘ಯುವರ್ ಆನರ್! ಸಾಕ್ಷಿ ಲುಂಗಿಯ ಮಾತೇ ಎತ್ತಿಲ್ಲ! ಯಾರೂ ಕಾಣಲಿಲ್ಲ ಎಂದು ಹೇಳಿದ್ದು!’

ಜಡ್ಜರ ನಗು ಹೋಯಿತು. ‘ಇಂಟರ್‌ಪ್ರೆಟರ್, ಸಾಕ್ಷಿಯನ್ನು ಇನ್ನೊಮ್ಮೆ ಕೇಳಿ. ಲುಂಗಿ ನೋಡಿದರೋ ಇಲ್ಲವೋ?’

ನಾನು ವಿಮಲಾಳ ಮುಖ ನೋಡದೆ ಕೇಳಿದೆ, ‘ಅಜ್ಜೀ, ಕೆಂಪು ಲುಂಗಿ ನೋಡಿದ್ದೀರಾ?’

ಅವಳು ಕಟಕಟೆಯ ಮೇಲೆ ಎರಡೂ ಕೈಯಿಟ್ಟು ನನ್ನ ಕಡೆಗೆ ಬಗ್ಗಿದಳು. ಅಜ್ಜಿಯ ಸ್ವರ ಬಿಟ್ಟಿರಲಿಲ್ಲ, ಮಲಯಾಳ ಬಾರದವಳೆಂಬುದನ್ನು ಮಾತ್ರ ಬಿಟ್ಟಿದ್ದಳು.

‘ನಾನು ಯಾವ ಲುಂಗಿಯನ್ನೂ ನೋಡ್ಲಿಲ್ಲ. ಅದು ಈ ಹೆಂಗಸು ನೋಡಿದ್ದಾಗಿರ್ಬೇಕು. ಹಪ್ಪಳವೂ ಅವಳದ್ದೇ, ಕಾಗೆಯೂ ಅವಳದ್ದೇ. ನನಗೆ ಸೊಸೆಯೇ ಇಲ್ಲ.’

‘ಸಾಕ್ಷಿ ಏನು ಹೇಳಿದರು?’ ಜಡ್ಜರು ಕೇಳಿದರು.

ಕ್ಯಾಮೆರಾ ನನ್ನ ಮುಖದ ಮೇಲಿತ್ತು. ನಾಯರ್ ಸಾರ್ ಕೈ ಉಜ್ಜುತ್ತಿದ್ದರು. ಈ ಸಿ.ಡಿ.ಯನ್ನು ಎಷ್ಟು ಬ್ಯಾಚಿನ ಮಕ್ಕಳು ನೋಡಲಿದ್ದಾರೆಂಬುದು ನನಗೆ ಆಗ ನೆನಪಾಯಿತು.

‘ನನಗೆ ಬಾಯಾರಿಕೆ, ಸ್ವಲ್ಪ ನೀರು ಬೇಕು’ ಎಂದು ತರ್ಜುಮೆ ಮಾಡಿದೆ.

ಶಹನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಾಲೇಜಿನ ಅಟೆಂಡರ್ ಓಡಿ ಹೋಗಿ ಒಂದು ಲೋಟ ನೀರು ತಂದ. ತಂದವನು ನಮ್ಮಿಬ್ಬರ ಮಧ್ಯೆ ಬಂದು ನಿಂತು ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ಬಾಯಾರಿದ್ದು ಯಾರಿಗೆಂದು ಅವನಿಗೆ ತಿಳಿಯಲಿಲ್ಲ. ನಾನು ಕಣ್ಣಿನಲ್ಲೇ ಮೇಲೆ ಕೊಡು ಎಂದು ತೋರಿಸಿದೆ.

ವಿಮಲಾ ಕೈ ಚಾಚಲಿಲ್ಲ. ನೆಟ್ಟಗೆ ನಿಂತಳು, ತುರುಬಿನ ಅಬ್ಬಲಿಗೆ ಸರಿಮಾಡಿಕೊಂಡಳು, ಮತ್ತೆ ನಿಧಾನವಾಗಿ, ನನ್ನ ಕಡೆಗೇ ನೋಡುತ್ತಾ ಹೇಳಿದಳು:

‘ನೀನೇ ಕುಡಿ, ಸುಮತಿ. ಇಷ್ಟು ಹೊತ್ತು ನನ್ನ ಪಾಲಿನದ್ದನ್ನೂ ಸೇರಿಸಿ ಮಾತಾಡಿದ್ದು ನೀನಲ್ವಾ? ಕುಡಿದಾದ ಮೇಲೆ ಇದನ್ನೂ ಜಡ್ಜರಿಗೆ ಮಲಯಾಳದಲ್ಲಿ ಹೇಳು. ಒಂದಕ್ಷರ ಬಿಡ್ಬೇಡ, ಪ್ರಮಾಣ ಮಾಡಿದ್ದಿ.’